ಬಿರುದು ಬಯಲಲ್ಲಿ, ಕೋಟೆ ಬೆಟ್ಟದಲ್ಲಿ: ನೀಲಗಿರಿಯ ದುರ್ಗಗಳು ಮತ್ತು ದಣ್ಣಾಯಕರ ಮನೆತನ

ನೀಲಗಿರಿ ಅಂದ ಕೂಡಲೇ ನಮಗೆ ಊಟಿಯ ಕೆರೆ, ಟೀ ತೋಟ ನೆನಪಾಗುತ್ತೆ. ಅದೇ ಬೆಟ್ಟದ ಅಂಚಿನಲ್ಲಿ ಪಾಳುಬಿದ್ದ ಕೋಟೆಗಳೂ ಇವೆ: ಕೂನೂರಿನ ಹತ್ತಿರ ಹುಲಿಕಲ್ ದುರ್ಗ, ಕಲ್ಲಟ್ಟಿ ಕಡೆ ಮಲೆಕೋಟೆ, ಕೋಟಗಿರಿ ಸೀಮೆಯಲ್ಲಿ ಉದಯರಾಯನ ಕೋಟೆ. ಇವು ಯಾರವು ಅಂತ ಕೇಳೋ ಮೊದಲು, ಯಾವ ಆಧಾರದ ಮೇಲೆ ಹೇಳ್ತೀವಿ ಅಂತ ಕೇಳ್ಕೋಬೇಕು.

ನಮ್ಮ ಮೊದಲ ಆಧಾರ ಬೆಟ್ಟದ ಮೇಲಿಲ್ಲ, ಕೆಳಗೆ ಚಾಮರಾಜನಗರದ ಬಸದಿಯಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನ ಅದು. ತೋಡವರನ್ನು ಬೆದರಿಸಿ, ಮಲೆಯಾಳರನ್ನು ಕೊಂದು, ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಅರ್ಪಿಸಿದ ಅಂತ ಅದು ಹೊಗಳುತ್ತೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಪ್ರಶಸ್ತಿಯ ಭಾಷೆ ಅಂತ ತಕ್ಷಣ ಗೊತ್ತಾಗುತ್ತೆ. ಇಲ್ಲಿ ಶಿಖರದ ಮಾತಿದೆ, ಕೋಟೆಯ ಮಾತಿಲ್ಲ. ತೋಡವರ ಹೆಸರು ಬರಹದಲ್ಲಿ ಕಾಣೋ ತೀರಾ ಹಳೆಯ ಜಾಗಗಳಲ್ಲಿ ಇದೂ ಒಂದು. ಅಲ್ಲಿ ಅವರು ಬರೋದು ಹೆದರಿದವರಾಗಿ.

ಸುಮಾರು ಇನ್ನೂರು ವರ್ಷದ ಮೇಲೆ, ಗುಂಡ್ಲುಪೇಟೆ ಬಳಿಯ ತೆರಕಣಾಂಬಿಯಿಂದ ಆಳಿದ ಪೆರುಮಾಳ ದಣ್ಣಾಯಕ, ಅವನ ಮಗ ಮಾಧವ ದಣ್ಣಾಯಕ ಬರ್ತಾರೆ. ನೀಲಗಿರಿಯನ್ನು ಗೆದ್ದವರು ಅನ್ನೋ ಅರ್ಥದ ಬಿರುದು ಈ ಮನೆತನದ್ದು. ಇವರ ಹೆಸರು ಹೊತ್ತ ದಣ್ಣಾಯಕನ ಕೋಟೆ ಇದ್ದದ್ದು ಬೆಟ್ಟದ ಬುಡದಲ್ಲಿ, ಮೋಯಾರ್ ನದಿ ಭವಾನಿಯನ್ನು ಸೇರೋ ಕಡೆ. 1950ರ ದಶಕದಲ್ಲಿ ಕಟ್ಟಿದ ಭವಾನಿಸಾಗರದಲ್ಲಿ ಅದು ಮುಳುಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಅಲ್ಲಿನ ಹಳೆಯ ಗುಡಿ ಕಾಣಿಸಿಕೊಳ್ಳುತ್ತೆ.

ಈಗ ನಕ್ಷೆ ನೋಡಿ. ಹುಲಿಕಲ್ ದುರ್ಗದಿಂದ ಕೊಯಮತ್ತೂರು ಬಯಲು ಕಾಣುತ್ತೆ. ಮಲೆಕೋಟೆ ಇರೋದು ಮಸಿನಗುಡಿಗೆ ಇಳಿಯೋ ಸೀಗೂರು ಘಟ್ಟದ ಕಡೆ. ಕೆಳಗಿನ ಅರಸರಿಗೆ ಬೇಕಾಗಿದ್ದದ್ದು ಘಟ್ಟದ ದಾರಿ, ಅದರ ಕಾವಲು, ಕಂದಾಯ. ಉದಯರಾಯನನ್ನು ಉಮ್ಮತ್ತೂರಿನ ಅರಸರ ಅಧಿಕಾರಿ ಅಂತ ಸ್ಥಳೀಯ ಐತಿಹ್ಯ ಹೇಳುತ್ತೆ. ಹುಲಿಕಲ್ ದುರ್ಗ ಜನರ ಬಾಯಲ್ಲಿ ಬಕಾಸುರನ ಕೋಟೆಯೂ ಹೌದು, ಪ್ರವಾಸಿಗಳಿಗೆ ಟಿಪ್ಪುವಿನ ಕೋಟೆ, ಇಂಗ್ಲಿಷಿನಲ್ಲಿ ಬರೀ ‘ಡ್ರೂಗ್’. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಕಾವಲು ಪಡೆ ಇತ್ತು ನಿಜ. ಆದರೆ ಕೋಟೆಯನ್ನು ಕೊನೆಗೆ ಬಳಸಿದವರೇ ಕಟ್ಟಿದವರು ಅಂತ ಆಗಲ್ಲ.

ಹಾಗಂತ ಕನ್ನಡ ಶಾಸನ ಇದೆ ಅಂದ ಮಾತ್ರಕ್ಕೆ ಈ ಕೋಟೆಗಳನ್ನು ದಣ್ಣಾಯಕರ ಹೆಸರಿಗೆ ಬರೆಯೋಕೂ ಆಗಲ್ಲ. ಬಿರುದು ಒಂದು ಹಕ್ಕುಸಾಧನೆ, ಕಲ್ಲುಗೋಡೆ ಬೇರೆಯೇ ಸಾಕ್ಷಿ. ಎರಡರ ನಡುವೆ ತೋಡವರ, ಬಡಗರ, ಕೋತರ ಬಾಯಿಮಾತು ಇದೆ. ಶಾಸನದಲ್ಲಿ ಬೆದರಿದವರು ಅಂತ ಮಾತ್ರ ಉಳಿದ ಜನ ಆ ದಾರಿಗಳನ್ನು ಏನಂತ ಕರೀತಾರೆ, ಯಾರಿಗೆ ಕಂದಾಯ ಕೊಟ್ಟೆವು ಅಂತಾರೆ, ಅದನ್ನೂ ಶಾಸನದ ಪಕ್ಕ ಇಟ್ಟು ಓದಿದರೇನೇ ಈ ಚರಿತ್ರೆ ಬೆಟ್ಟ ಹತ್ತೋದು.