ಆಕೃತಿಗೆ ಸೂತ್ರ ಕಟ್ಟಿದವರ ಕಥೆ

ಚಕ್ಕುಲಿ ಒರಳನ್ನು ನೀವೆಲ್ಲ ನೋಡಿದ್ದೀರಿ. ಒರಳು ಅದೇ, ಅಡಿಯ ಬಿಲ್ಲೆ ಬದಲಿಸಿದರೆ ಚಕ್ಕುಲಿಯ ಬದಲು ಸೇವು ಇಳಿಯುತ್ತದೆ. ಆದರೆ ಅಂಗಡಿಯವನು ಕೊಟ್ಟ ನಾಲ್ಕೈದು ಬಿಲ್ಲೆಗಳಲ್ಲಿ ನಮಗೆ ಬೇಕಾದ್ದು ಇಲ್ಲದಿದ್ದರೆ? ಹೊಸ ಬಿಲ್ಲೆಯನ್ನು ನಾವೇ ಮಾಡಿಕೊಳ್ಳಬಹುದೇ? ಕಂಪ್ಯೂಟರಿನಲ್ಲಿ ನಕ್ಷೆ, ರೇಖಾಚಿತ್ರ ಬರೆಯುವ ತಂತ್ರಾಂಶಗಳ ಇತಿಹಾಸವನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡೇ ಹೇಳಿಬಿಡಬಹುದು.

ಕೆಲಸವೊಂದು ನಡೆಯುವ ಕ್ರಮವನ್ನು ಗುರುತುಗಳಿಂದ ಚಿತ್ರಿಸುವ ಪದ್ಧತಿಯನ್ನು ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಎಂಜಿನಿಯರುಗಳ ಮುಂದಿಟ್ಟರು. ಮುಂದೆ ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ಬರೆಯುವವರು ಫ್ಲೋಚಾರ್ಟ್ ಬರೆಯತೊಡಗಿದರು. ಅದಕ್ಕೆಂದೇ ಐಬಿಎಂನಂಥ ಕಂಪನಿಗಳು ತೂತುಗಳಿರುವ ಪ್ಲಾಸ್ಟಿಕ್ ಪಟ್ಟಿ ಕೊಡುತ್ತಿದ್ದವು. ಪೆನ್ಸಿಲನ್ನು ತೂತಿನೊಳಗೆ ಸುತ್ತ ಆಡಿಸಿದರೆ ಕೆಲಸಕ್ಕೆ ಆಯತ, ತೀರ್ಮಾನಕ್ಕೆ ವಜ್ರಾಕೃತಿ ಸಿದ್ಧ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು! ಪಟ್ಟಿಯಲ್ಲಿ ಇಲ್ಲದ ಆಕೃತಿ ಬೇಕಿದ್ದರೆ ಕೈಯೇ ಗತಿ.

ಇದರಾಚೆಗಿನ ದಾರಿ ಮೊದಲು ಕಂಡದ್ದು 1963ರಲ್ಲಿ. ಅಮೆರಿಕದ ಎಂಐಟಿಯ ವಿದ್ಯಾರ್ಥಿ ಐವಾನ್ ಸದರ್‌ಲ್ಯಾಂಡ್ ತನ್ನ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಚಿತ್ರ ಬರೆಯುವುದು ಅಂದಿಗೆ ದೊಡ್ಡ ಬೆರಗು. ಅದಕ್ಕಿಂತ ದೊಡ್ಡ ವಿಚಾರ ಒಳಗಿತ್ತು. ಒಂದು ಮೂಲ ಆಕೃತಿಯನ್ನು ನೀವೇ ಬರೆದಿಟ್ಟು ಅದರ ಪ್ರತಿಗಳನ್ನು ಬೇಕಾದಷ್ಟು ಕಡೆ ಇಡಬಹುದಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತಿದ್ದವು. ಈ ಎರಡು ಗೆರೆ ಸಮಾಂತರವಾಗಿರಲಿ ಎಂದು ಕಟ್ಟಳೆಯನ್ನೂ ಹಾಕಬಹುದಿತ್ತು.

ಈ ವಿಚಾರ ಸಾಮಾನ್ಯರ ಮೇಜಿಗೆ ಬರಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಪೇಜ್‌ಮೇಕರ್ ನಿಮಗೆ ಗೊತ್ತು. ನಮ್ಮ ಕನ್ನಡ ಮುದ್ರಣಾಲಯಗಳು ವರ್ಷಗಟ್ಟಲೆ ಪುಟ ಕಟ್ಟಿದ್ದು ಅದರಲ್ಲೇ. ಅದನ್ನು ಹೊರತಂದ ಆಲ್ಡಸ್ ಕಂಪನಿಯಿಂದ ಬಂದ ಜೆರೆಮಿ ಜೇಕ್, ಡೇವ್ ವಾಲ್ಟರ್, ಟೆಡ್ ಜಾನ್ಸನ್ ಸೇರಿ 1990ರಲ್ಲಿ ಸಿಯಾಟಲ್‌ನಲ್ಲಿ ಹೊಸ ಕಂಪನಿ ಕಟ್ಟಿದರು. 1992ರ ನವೆಂಬರಿನಲ್ಲಿ ಅವರ 'ವಿಸಿಯೊ' ಹೊರಬಂತು. ಪರದೆಯ ಎಡಗಡೆ ಆಕೃತಿಗಳ ಪಟ್ಟಿ. ಅದರ ಹೆಸರು ಸ್ಟೆನ್ಸಿಲ್. ಹಳೆಯ ಪ್ಲಾಸ್ಟಿಕ್ ಪಟ್ಟಿಯ ನೆನಪೇ ಅದು.

ಆದರೆ ಇಲ್ಲಿ ತೂತಿನ ಬದಲು ಸೂತ್ರವಿತ್ತು. ವಿಸಿಯೊದ ಪ್ರತಿ ಆಕೃತಿಯ ಹಿಂದೆ 'ಶೇಪ್‌ಶೀಟ್' ಎಂಬ ಲೆಕ್ಕದ ಹಾಳೆ ಅಡಗಿದೆ. ಅಗಲ, ಎತ್ತರ, ಮೂಲೆಗಳ ಸ್ಥಾನ ಎಲ್ಲವೂ ಅದರ ಚೌಕಗಳಲ್ಲಿ. ಒಂದು ಬಾಣವನ್ನು ಎಳೆದು ಉದ್ದ ಮಾಡುತ್ತೀರಿ ಎನ್ನಿ. ಸಾಮಾನ್ಯ ಚಿತ್ರದಲ್ಲಿ ಬಾಣದ ತಲೆಯೂ ಜೊತೆಗೇ ಹಿಗ್ಗಿ ವಿಕಾರವಾಗುತ್ತದೆ. ತಲೆ ಶುರುವಾಗುವ ಜಾಗದ ಚೌಕದಲ್ಲಿ 'ಅಗಲ − ಎತ್ತರ × 0.5' ಎಂದು ಬರೆದು ನೋಡಿ: ಬಾಣ ಎಷ್ಟು ಉದ್ದವಾದರೂ ತಲೆ ಅಷ್ಟೇ ಇರುತ್ತದೆ. ಇಲಿ ಹಿಡಿದು ಎಳೆದರೂ ಸೂತ್ರ ಅಳಿಯಬಾರದೇ? ಅದಕ್ಕೆ 'ಗಾರ್ಡ್' ಎಂಬ ಕಾವಲು ಹಾಕಬಹುದು. ಏಳನೆಯ ತರಗತಿಯ ಬೀಜಗಣಿತ ಬಂದವರಿಗೆ ಸಾಕು, ಹೊಸ ಆಕೃತಿ ಮಾಡಬಹುದು. ಪ್ರೋಗ್ರಾಂ ಬರೆಯಲು ಬರಲೇಬೇಕೆಂದಿಲ್ಲ.

ಸೂತ್ರಕ್ಕೆ ಮೀರಿದ ಕೆಲಸಗಳೂ ಇದ್ದವು. ನೌಕರರ ಪಟ್ಟಿ ಓದಿ ತಾನೇ ಕಚೇರಿಯ ನಕ್ಷೆ ಬರೆಯಬೇಕು ಎಂದರೆ ಪ್ರೋಗ್ರಾಂ ಬೇಕೇ ಬೇಕು. 1997ರ 4.5ನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟಿನ ವಿಬಿಎ ಭಾಷೆ ವಿಸಿಯೊದೊಳಕ್ಕೆ ಬಂತು. 2000ದ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಬೆಲೆ ಸುಮಾರು 130 ಕೋಟಿ ಡಾಲರ್! ವಿಸಿಯೊ 2002ರಿಂದ ವರ್ಡ್, ಎಕ್ಸೆಲ್‌ಗಳಂತೆ ಇದಕ್ಕೂ ಆಡ್-ಇನ್ ಬರೆದು ಜೋಡಿಸುವಂತಾಯಿತು.

ಆದರೆ ಶಕ್ತಿ ಹೆಚ್ಚಿದಷ್ಟೂ ಹಂಗು ಹೆಚ್ಚಿತು. 2010ರಲ್ಲಿ ವಿಸಿಯೊದ 64 ಬಿಟ್ ಆವೃತ್ತಿ ಬಂದಾಗ ಅದರೊಳಗೆ ಕೂತು ಓಡುವ ಹಳೆಯ 32 ಬಿಟ್ ಆಡ್-ಇನ್‌ಗಳು ಅಲ್ಲಿ ಓಡಲಿಲ್ಲ. ಬರೆದವರ ಬಳಿ ಮೂಲ ಪ್ರೋಗ್ರಾಂ ಇದ್ದರೆ ಮತ್ತೆ ಕಟ್ಟಬಹುದಿತ್ತು. ಬರೆದವರೇ ಊರು ಬಿಟ್ಟಿದ್ದರೆ? ಶೇಪ್‌ಶೀಟಿನ ಸೂತ್ರಗಳಿಗೆ ಮಾತ್ರ ಈ ತೊಂದರೆ ತಟ್ಟಲಿಲ್ಲ. ಅವು ಯಂತ್ರಕ್ಕಲ್ಲ, ಆಕೃತಿಗೆ ಅಂಟಿಕೊಂಡಿದ್ದವು.

ಇನ್ನೊಂದು ದಾರಿಯೂ ಇತ್ತು. 1998ರಲ್ಲಿ ಅಲೆಕ್ಸಾಂಡರ್ ಲಾರ್ಸನ್ ಶುರುಮಾಡಿದ 'ಡಯಾ' ಎಂಬ ಮುಕ್ತ ತಂತ್ರಾಂಶದಲ್ಲಿ ಹೊಸ ಆಕೃತಿ ಎಂದರೆ ಒಂದು ಸಾದಾ ಪಠ್ಯ ಕಡತ. ಗೆರೆ ಎಲ್ಲಿಂದ ಎಲ್ಲಿಗೆ, ತಂತಿ ಎಲ್ಲಿ ಜೋಡಿಸಬೇಕು ಎಂದು ಎಕ್ಸ್‌ಎಂಎಲ್‌ನಲ್ಲಿ ಬರೆದರೆ ಮುಗಿಯಿತು. ಆಕೃತಿಗಳ ಪಟ್ಟಿಯಲ್ಲಿ ಹೆಸರುಗಳನ್ನು ಭಾಷೆವಾರು ಕೊಡಲೂ ಜಾಗವಿದೆ. ಅಂದರೆ 'ವಿದ್ಯುತ್ ಕೋಶ', 'ಸ್ವಿಚ್ಚು' ಎಂದು ಕನ್ನಡದಲ್ಲೇ ಹೆಸರಿಡಲು ಯಾವ ಕಂಪನಿಯ ಅಪ್ಪಣೆಯೂ ಬೇಡ.

ವಿಸಿಯೊದ ಹಳೆಯ ಕಡತಗಳಾದರೋ ಬೀಗ ಹಾಕಿದ ಪೆಟ್ಟಿಗೆಯಂತಿದ್ದವು. ಸ್ವಯಂಸೇವಕರು ಅವುಗಳ ಗುಟ್ಟನ್ನು ಬಿಡಿಸಿ, 2012ರ ಫೆಬ್ರವರಿಯಲ್ಲಿ ಬಂದ ಲಿಬ್ರೆ ಆಫೀಸ್ 3.5ರಲ್ಲಿ ತೆರೆಯುವಂತೆ ಮಾಡಿದರು. ವಿಸಿಯೊ 2013 ತಾನೇ ಹೊಸ ಕಡತ ರೂಪಕ್ಕೆ ಬದಲಾಯಿತು. ಅದನ್ನು ಜಿಪ್ ಕಡತದಂತೆ ಬಿಚ್ಚಿದರೆ ಒಳಗೆ ಸಿಗುವುದು ಎಕ್ಸ್‌ಎಂಎಲ್, ಅದರಲ್ಲಿ ಅದೇ ಶೇಪ್‌ಶೀಟಿನ ಸೂತ್ರಗಳು!

ಈ ಇತಿಹಾಸದಿಂದ ನಾನು ಕಲಿತ ಪಾಠ ಚಿಕ್ಕದು. ಒರಳು ಎಷ್ಟು ಚೆನ್ನಾಗಿದೆ ಎಂದಷ್ಟೇ ನೋಡಿದರೆ ಸಾಲದು. ಬಿಲ್ಲೆಯನ್ನು ನಾವು ಮಾಡಬಹುದೇ, ನಮ್ಮ ನಂತರದವರು ಅದನ್ನು ಓದಿ ತಿದ್ದಬಹುದೇ ಎಂದೂ ಕೇಳಬೇಕು. ಪಾಠಕ್ಕೊಂದು ಚಿತ್ರ ಬರೆದಿಡುವ ಮೇಷ್ಟ್ರಿಗೂ ಈ ಪ್ರಶ್ನೆ ಸಲ್ಲುತ್ತದೆ. ಏನಂತೀರಿ?