ಪಾಕಾ: ಹೊಲದಂಚಿನ ಬೇಟೆಯ ಚರಿತ್ರೆ

ಮೆಕ್ಸಿಕೋದಿಂದ ಉತ್ತರ ಅರ್ಜೆಂಟೀನಾದವರೆಗೆ ಹಬ್ಬಿರುವ ಉಷ್ಣವಲಯದ ಕಾಡುಗಳಲ್ಲಿ ಜನ ಬೇಟೆಯಾಡುತ್ತ ಬಂದಿರುವ ಪ್ರಾಣಿಗಳ ಪೈಕಿ ಮಾಂಸದ ರುಚಿಗೆ ಪಾಕಾದಷ್ಟು ಹೆಸರಾದವು ವಿರಳ. ಜೀವನಪೂರ್ತಿ ಬೆಳೆಯುವ ಬಾಚಿಹಲ್ಲುಗಳಿಂದ ಕಡಿದು ತಿನ್ನುವ ಇಲಿ, ಅಳಿಲು, ಮುಳ್ಳುಹಂದಿಗಳ ವರ್ಗವಾದ ದಂಶಕಗಳಿಗೆ ಸೇರಿದ ಈ ಪ್ರಾಣಿ ಸಾಮಾನ್ಯವಾಗಿ 6ರಿಂದ 12 ಕಿಲೋ ತೂಗುತ್ತದೆ. ಕಂದು ಮೈಯ ಎರಡೂ ಪಕ್ಕೆಗಳಲ್ಲಿ ಬಿಳಿ ಚುಕ್ಕೆಗಳ ಸಾಲುಗಳಿದ್ದು, ಬಾಲ ಇದ್ದೂ ಇಲ್ಲದಂತಿರುತ್ತದೆ. ಹಗಲೆಲ್ಲ ಬಿಲದಲ್ಲಿ ಮಲಗಿ, ಕತ್ತಲಾದ ಮೇಲೆ ಉದುರಿದ ಹಣ್ಣುಗಳನ್ನು ಅರಸುತ್ತ ಒಂಟಿಯಾಗಿ ಹೊರಡುವ ಪಾಕಾ, ಬಿಲಕ್ಕೆ ಒಂದಕ್ಕಿಂತ ಹೆಚ್ಚು ಬಾಯಿಗಳನ್ನು ತೋಡಿ ಅವನ್ನು ತರಗೆಲೆಯಿಂದ ಮುಚ್ಚಿಡುತ್ತದೆ. ಅಪಾಯ ಕಂಡರೆ ಹತ್ತಿರದ ಹೊಳೆಗೆ ಧುಮುಕುತ್ತದೆ. ಪೆರುವಿನಲ್ಲಿ ಇದನ್ನು ಮಹಾಸ್ ಎಂದೂ ಗಯಾನಾದಲ್ಲಿ ಲಾಬಾ ಎಂದೂ ಬೆಲೀಜ್‌ನಲ್ಲಿ ಗಿಬ್‌ನಟ್ ಎಂದೂ ಕರೆಯುತ್ತಾರೆ.

ಪಾಕಾ ಬೇಟೆಯ ಹಳೆಯ ಚರಿತ್ರೆ ದಟ್ಟ ಕಾಡಿನದೆನ್ನುವುದಕ್ಕಿಂತ ಹೊಲದಂಚಿನದೆನ್ನುವುದೇ ಸರಿ. ಪನಾಮಾದ ಬೋಕಾಸ್ ದೆಲ್ ತೋರೋ ಪ್ರಾಂತ್ಯದ ಸೆರ್ರೋ ಬ್ರೂಹೋ ಎಂಬಲ್ಲಿ, ಸಾವಿರ ವರ್ಷಕ್ಕೂ ಹಿಂದಿನ ನೆಲೆಯನ್ನು ಅಗೆದು ಶೋಧಿಸಿದ ಮಾನವಶಾಸ್ತ್ರಜ್ಞೆ ಓಲ್ಗಾ ಲಿನಾರೆಸ್, ಅಲ್ಲಿನ ಮೂಳೆಗಳಲ್ಲಿ ಪಾಕಾ ಮತ್ತು ಅದರ ಚಿಕ್ಕ ಬಂಧುವಾದ ಅಗೂಟಿಯಂತಹ ಪ್ರಾಣಿಗಳದೇ ಮೇಲುಗೈ ಎಂಬುದನ್ನು ಗಮನಿಸಿ, 1976ರಲ್ಲಿ ‘ತೋಟದ ಬೇಟೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಮಲೆನಾಡಿಗರು ಕುಮರಿ ಎನ್ನುವ, ಕಾಡು ಕಡಿದು ಸುಟ್ಟು ಬೆಳೆ ತೆಗೆದು ಮತ್ತೆ ಬೀಳು ಬಿಡುವ ಪದ್ಧತಿಯೇ ಅಲ್ಲಿಯೂ ಇದ್ದುದರಿಂದ, ಗೆಣಸು, ಮೆಕ್ಕೆಜೋಳಗಳ ಆಸೆಗೆ ಪ್ರಾಣಿಗಳು ತಾವಾಗಿಯೇ ಹೊಲಕ್ಕೆ ಬರುತ್ತಿದ್ದವು. ರೈತನು ಬೆಳೆ ಕಾಯುವ ನೆಪದಲ್ಲಿಯೇ ಬೇಟೆಯನ್ನೂ ಮುಗಿಸುತ್ತಿದ್ದನು. ಬೇಟೆ ಮತ್ತು ಬೇಸಾಯಗಳನ್ನು ನಾಗರಿಕತೆಯ ಎರಡು ಬೇರೆ ಮೆಟ್ಟಿಲುಗಳೆಂದು ಕಲಿಸುವ ಪಠ್ಯಪುಸ್ತಕಗಳಿಗೆ ಈ ಮೂಳೆಗಳು ಒಳ್ಳೆಯ ಉತ್ತರ.

ಬೇಸಾಯವನ್ನೇ ಮಾಡದೆ ಅಲೆದಾಡುತ್ತಿದ್ದ ಪೂರ್ವ ಪರಾಗ್ವೆಯ ಅಚೇ ಜನರ ವಿಧಾನ ಇದಕ್ಕಿಂತ ಬೇರೆ. 1970ರ ದಶಕದವರೆಗೂ ಕಾಡಿನಲ್ಲಿಯೇ ಬಾಳಿದ ಅವರಿಗೆ ಬಿಲ್ಲು ಬಾಣಗಳಿದ್ದರೂ, ಪಾಕಾವನ್ನು ಅವರು ಹೆಚ್ಚಾಗಿ ಬರಿಗೈಯಲ್ಲಿಯೇ ಹಿಡಿಯುತ್ತಿದ್ದರು. ಹಗಲಿನಲ್ಲಿ ಬಿಲವನ್ನು ಪತ್ತೆ ಮಾಡಿದವನು ಇತರರನ್ನು ಕೂಗಿ ಕರೆದಾಗ, ಅವರೆಲ್ಲ ಒಂದೊಂದು ಬಾಯಿಗೆ ಒಬ್ಬೊಬ್ಬರು ಅಡ್ಡ ಕುಳಿತು, ಒಳಗಿನ ಪ್ರಾಣಿಯನ್ನು ಕೆಣಕಿ ಹೊರಬರುವಂತೆ ಮಾಡುತ್ತಿದ್ದರು. ತಪ್ಪಿಸಿಕೊಳ್ಳಲು ಪಾಕಾ ತೋಡಿಟ್ಟ ಬಾಯಿಗಳಷ್ಟೇ ಕೈಗಳು ಬೇಕಾಗುತ್ತಿದ್ದುದರಿಂದ ಇದು ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ಮಾಂಸವನ್ನು ಇಡೀ ತಂಡವೇ ಹಂಚಿಕೊಳ್ಳುತ್ತಿತ್ತು, ತಾನು ಕೊಂದ ಪ್ರಾಣಿಯ ಮಾಂಸವನ್ನು ತಾನೇ ತಿನ್ನಬಾರದೆಂಬ ಕಟ್ಟಳೆಯೂ ಅವರಲ್ಲಿತ್ತು.

ಕೋವಿ ಮತ್ತು ಬ್ಯಾಟರಿ ದೀಪ ಬಂದ ಮೇಲೆ ಈ ಸಾಮೂಹಿಕ ಬೇಟೆ ಬಹುತೇಕ ಎಡೆಗಳಲ್ಲಿ ಒಬ್ಬನ ರಾತ್ರಿ ಕೆಲಸವಾಯಿತು. ಅಮೆಜಾನ್ ಪ್ರದೇಶದ ಬೇಟೆಗಾರನು ಹಣ್ಣುದುರುವ ಮರವನ್ನು ಹಗಲಿನಲ್ಲಿಯೇ ಗುರುತಿಸಿಟ್ಟು, ಅದರ ಬಳಿ ಅಟ್ಟಣೆಯನ್ನೋ ಜೋಲಿಯನ್ನೋ ಕಟ್ಟಿ, ಹಣ್ಣು ಕಡಿಯುವ ಸದ್ದಿಗಾಗಿ ಕಾಯುತ್ತಾನೆ. ಅಥವಾ ಸಣ್ಣ ದೋಣಿಯಲ್ಲಿ ದಂಡೆಯುದ್ದಕ್ಕೂ ಸಾಗುತ್ತ, ಬೆಳಕಿಗೆ ಹೊಳೆಯುವ ಕಣ್ಣುಗಳನ್ನು ಹುಡುಕುತ್ತಾನೆ. ಬೆಳದಿಂಗಳಿನಲ್ಲಿ ಪಾಕಾ ಹೊರಬರಲು ಹಿಂಜರಿಯುವುದರಿಂದ ಚಂದ್ರನಿಲ್ಲದ ರಾತ್ರಿಗಳೇ ಬೇಟೆಗೆ ಪ್ರಶಸ್ತ. ಕೊಂದ ಪ್ರಾಣಿಯ ಚರ್ಮವನ್ನು ಸುಲಿಯದೆ, ಹಂದಿಗೆ ಮಾಡುವಂತೆ ಕುದಿನೀರು ಸುರಿದು ಕೂದಲನ್ನು ಹೆರೆದು ತೆಗೆಯುತ್ತಾರೆ. 1985ರಲ್ಲಿ ಬೆಲೀಜ್‌ಗೆ ಭೇಟಿ ಕೊಟ್ಟ ರಾಣಿ ಎರಡನೆಯ ಎಲಿಜಬೆತ್‌ಗೆ ಇದೇ ಮಾಂಸವನ್ನು ಬಡಿಸಿದಾಗ, ರಾಣಿಗೆ ಇಲಿ ತಿನ್ನಿಸಿದರೆಂದು ಬ್ರಿಟಿಷ್ ಪತ್ರಿಕೆಗಳು ಹುಯಿಲೆಬ್ಬಿಸಿದವು. ಬೆಲೀಜ್‌ನವರು ಬೇಸರಿಸಿಕೊಳ್ಳದೆ ಅದಕ್ಕೆ ‘ರಾಜ ಇಲಿ’ ಎಂಬ ಬಿರುದನ್ನೇ ಕೊಟ್ಟುಬಿಟ್ಟರು.

ಈ ರುಚಿಯೇ ಕಾನೂನಿಗೆ ತೊಡಕಾಯಿತು. ಬ್ರೆಜಿಲ್ 1967ರ ಕಾಯ್ದೆಯ ಮೂಲಕ ವೃತ್ತಿಪರ ಬೇಟೆಯನ್ನು ನಿಷೇಧಿಸಿತು. 1998ರ ಪರಿಸರ ಅಪರಾಧಗಳ ಕಾಯ್ದೆ, ಹಸಿವನ್ನು ನೀಗಿಸಿಕೊಳ್ಳಲು ಅನಿವಾರ್ಯವಾಗಿ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲವೆಂದಿತು. ಪೆರು 1973ರಲ್ಲಿ ತನ್ನ ಅಮೆಜಾನ್ ಪ್ರದೇಶದಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸಿ, ಹೊಟ್ಟೆಪಾಡಿನ ಬೇಟೆಗೆ ಮಾತ್ರ ಅವಕಾಶ ಉಳಿಸಿತು. (ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ನಿಕೋಬಾರ್ ದ್ವೀಪಗಳ ಬುಡಕಟ್ಟುಗಳನ್ನು ಬಿಟ್ಟರೆ, ಇಂತಹ ವಿನಾಯಿತಿಯನ್ನು ಒಪ್ಪಲಿಲ್ಲ, ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಮುಳ್ಳುಹಂದಿಯನ್ನು ಹಿಡಿದವನು ಹಸಿದಿದ್ದನೇ ಎಂದು ಇಲ್ಲಿನ ಕಾನೂನು ಕೇಳುವುದಿಲ್ಲ.) ಆದರೆ ಹೊಟ್ಟೆಪಾಡನ್ನೂ ಮಾರಾಟವನ್ನೂ ಕಾಗದದ ಮೇಲೆ ಬೇರ್ಪಡಿಸಿದಷ್ಟು ಸುಲಭವಾಗಿ ಹಳ್ಳಿಯಲ್ಲಿ ಬೇರ್ಪಡಿಸಲಾಗದು. ತೋಟಾ, ಉಪ್ಪು, ಸೀಮೆಎಣ್ಣೆ, ಔಷಧಿಗಳಿಗೆ ಹಣ ಬೇಕಾದ ಬೇಟೆಗಾರನು ಒಳ್ಳೆಯ ಬೆಲೆ ಸಿಗುವ ಪಾಕಾವನ್ನು ಪೇಟೆಗೆ ಕಳಿಸಿ, ಮನೆಗೆ ಮೀನನ್ನೋ ಚಿಕ್ಕ ಪ್ರಾಣಿಯನ್ನೋ ಇಟ್ಟುಕೊಳ್ಳುತ್ತಾನೆ. ಪೆರುವಿನ ಇಕಿಟೋಸ್ ನಗರದ ಬೆಲೆನ್ ಮಾರುಕಟ್ಟೆಯಲ್ಲಿ ಮಹಾಸ್ ಮಾಂಸ ಬಹಿರಂಗವಾಗಿಯೇ ಮಾರಾಟವಾಗುತ್ತ ಬಂದಿದೆ.

ಹೀಗಿದ್ದೂ ಪಾಕಾ ಅಳಿಯಲಿಲ್ಲ. ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು ಕನಿಷ್ಠ ಕಾಳಜಿಯ ವರ್ಗದಲ್ಲಿಯೇ ಇಟ್ಟಿದೆ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ದಂಶಕವಾದರೂ, ಇನ್ನೂ ನಿಧಾನವಾಗಿ ಹೆರುವ, ಗೊರಸುಳ್ಳ ದೊಡ್ಡ ಪ್ರಾಣಿಯಾದ ಟೇಪಿರ್ ಮತ್ತು ಜೇಡಕೋತಿಗಳು ಬರಿದಾದ ಕಾಡುಗಳಲ್ಲಿಯೂ ಅದು ಉಳಿದುಕೊಂಡಿದೆ. ವನ್ಯಜೀವಿ ತಜ್ಞರಾದ ಜಾನ್ ರಾಬಿನ್ಸನ್ ಮತ್ತು ಕೆಂಟ್ ರೆಡ್‌ಫೋರ್ಡ್ 1991ರಲ್ಲಿ ಪ್ರಕಟಿಸಿದ ಲೆಕ್ಕಾಚಾರ, ಪ್ರತಿ ಜಾತಿಯ ವಾರ್ಷಿಕ ಸಂತಾನವೃದ್ಧಿಯಲ್ಲಿ ಎಷ್ಟು ಪಾಲನ್ನು ಕೊಲ್ಲಬಹುದೆಂಬುದಕ್ಕೆ ಆಯುಷ್ಯದ ಆಧಾರದ ಮೇಲೆ ಮಿತಿ ಹಾಕಿತು. ಅದೇ ವರ್ಷ ಪೆರುವಿನಲ್ಲಿ ಸ್ಥಾಪನೆಯಾದ ತಮ್ಶಿಯಾಕು-ತಹುವಾಯೋ ಸಮುದಾಯ ಮೀಸಲು ಪ್ರದೇಶದಲ್ಲಿ, ಊರಿನ ಹತ್ತಿರದ ಕಾಡನ್ನು ಬೇಟೆಗೆ ಬಿಟ್ಟು, ಒಳಗಿನ ಕಾಡನ್ನು ಮುಟ್ಟದೆ ಉಳಿಸಿ, ಅಲ್ಲಿ ಹೆಚ್ಚಿದ ಪ್ರಾಣಿಗಳು ಹೊರಕ್ಕೆ ಹರಡಿ ನಷ್ಟವನ್ನು ತುಂಬುವಂತೆ ನೋಡಿಕೊಳ್ಳುವ ಕ್ರಮ ರೂಪುಗೊಂಡಿತು. ಲೆಕ್ಕಾಚಾರದ ಸೂತ್ರಕ್ಕಿಂತ ಈ ಒಳಗಾಡಿನ ಏರ್ಪಾಡೇ ಹೆಚ್ಚು ನಂಬಲರ್ಹವೆನ್ನಬೇಕು, ಏಕೆಂದರೆ ಕತ್ತಲಲ್ಲಿ ತಿರುಗುವ ಪ್ರಾಣಿಯ ತಲೆಯೆಣಿಕೆ ಯಾವ ತಜ್ಞರಿಗೂ ಸುಲಭವಲ್ಲ.

ಕಾಡಿನ ಮೇಲಿನ ಒತ್ತಡವನ್ನು ಸಾಕಣೆಯಿಂದ ತಗ್ಗಿಸುವ ಯತ್ನವೂ ನಡೆದಿದೆ. ಪನಾಮಾದ ಸ್ಮಿತ್ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆಯ ನಿಕೋಲಸ್ ಸ್ಮೈತ್, ಅಪರಿಚಿತ ಪಾಕಾಗಳು ಒಂದೇ ಗೂಡಿನಲ್ಲಿ ಕಾದಾಡುವುದನ್ನು ತಪ್ಪಿಸಲು, ಎಳೆಯ ಮರಿಗಳನ್ನು ಒಟ್ಟಿಗೆ ಸಾಕಿ ಪರಸ್ಪರ ಮತ್ತು ಮನುಷ್ಯರೊಂದಿಗೆ ಪಳಗಿಸಿದರು. ಪ್ರಯೋಗ ಪಶುಪಾಲನೆಯ ದೃಷ್ಟಿಯಿಂದ ಗೆದ್ದರೂ ಅರ್ಥಶಾಸ್ತ್ರದ ದೃಷ್ಟಿಯಿಂದ ಗೆಲ್ಲುವುದು ಕಷ್ಟವಾಗಿತ್ತು. ಒಂದೊಂದೇ ಮರಿ ಹಾಕುವ ಪ್ರಾಣಿಗೆ ತಿಂಗಳುಗಟ್ಟಲೆ ಮೇವು ಹಾಕಿ ಮಾರಾಟಕ್ಕೆ ತರುವ ಮಾಂಸ ಪೇಟೆಯ ಶ್ರೀಮಂತರ ತಟ್ಟೆಗಷ್ಟೇ ನಿಲುಕುತ್ತದೆ. ಒಂದು ತೋಟಾ ಮತ್ತು ಒಂದು ರಾತ್ರಿಯ ನಿದ್ದೆಯನ್ನು ಖರ್ಚು ಮಾಡಿದರೆ ಅದೇ ಮಾಂಸ ಸಿಗುವ ಕಾಡಂಚಿನ ಕುಟುಂಬಕ್ಕೆ ಸಾಕಣೆಯ ಲೆಕ್ಕ ಕೂಡಿಬರುವುದಿಲ್ಲ.