ಪದದ ಹಿಂದೆ, ಭಾಗ 4: ‘ಸಾರಿ’ ಅಂದ್ರೆ ನೋವು

ಕಳೆದ ವರ್ಷ ಕ್ಲಾಸ್‌ಮೇಟ್ ಒಬ್ಬನ ಅಪ್ಪ ತೀರಿಕೊಂಡಿದ್ರು. ಪಿರಿಯಾಪಟ್ಟಣದ ಹತ್ರ ಅವನ ಹಳ್ಳಿಗೆ ಹೋದ್ವಿ. ಏನು ಹೇಳ್ಬೇಕು ಅಂತ ಗೊತ್ತಾಗ್ದೆ ‘ಸಾರಿ ಮಗಾ’ ಅಂದೆ. ಗೋಡೆಗೆ ಒರಗಿ ಕೂತಿದ್ದ ಅವನಜ್ಜಿ ಮುಖ ಎತ್ತಿ ಕೇಳಿದ್ರು: ‘ನೀನೇನ್ ತಪ್ಪು ಮಾಡ್ದೆ ನನ್ನಪ್ಪ?’

ಅಜ್ಜಿ ಕೇಳಿದ್ದು ಸರಿಯಾಗೇ ಇದೆ. ನಮ್ಮ ಕನ್ನಡದಲ್ಲಿ ‘ಸಾರಿ’ ಅಂದ್ರೆ ಕಾಲು ತುಳಿದಾಗ, ಲೇಟಾಗಿ ಬಂದಾಗ, ನೋಟ್ಸ್ ವಾಪಸ್ ಕೊಡದೇ ಇದ್ದಾಗ ಹೇಳೋ ಮಾತು. ‘ತಪ್ಪಾಯ್ತು’ ಅನ್ನೋದಕ್ಕೆ ಬದಲಿ. ಆದ್ರೆ ಇಂಗ್ಲಿಷಲ್ಲಿ ಅದು ಹುಟ್ಟಿದ್ದು ಕ್ಷಮೆ ಕೇಳೋಕಲ್ಲ.

ಸಾವಿರ ವರ್ಷದ ಹಿಂದಿನ ಹಳೇ ಇಂಗ್ಲಿಷಲ್ಲಿ ‘ಸಾರ್’ ಅಂದ್ರೆ ನೋವು. (ಮೇಷ್ಟ್ರನ್ನ ಕರೆಯೋ ‘ಸಾರ್’ ಅಲ್ಲ ಕಣ್ರೋ!) ಅದರಿಂದ ‘ಸಾರಿಗ್’: ನೋವು ತುಂಬಿದವನು. ಗಂಟಲು ನೋವಿಗೆ ‘ಸೋರ್ ಥ್ರೋಟ್’ ಅಂತೀವಲ್ಲ, ಆ ‘ಸೋರ್’ ಕೂಡ ಇದೇ ಬೇರಿನದು. ತಮಾಷೆ ಏನಂದ್ರೆ, ದುಃಖ ಅನ್ನೋ ಅರ್ಥದ ‘ಸಾರೋ’ ಇದಕ್ಕೆ ನೆಂಟನೇ ಅಲ್ಲ. ಅದು ‘ಸೋರ್ಗ್’ ಅನ್ನೋ ಬೇರೆ ಪದದಿಂದ ಬಂದದ್ದು. ಜರ್ಮನ್ನರು ಚಿಂತೆಗೆ ಇವತ್ತಿಗೂ ‘ಜೋರ್ಗೆ’ ಅಂತಾರೆ. ಎರಡೂ ಕೇಳೋಕೆ ಒಂದೇ ಥರ ಆಗಿ, ಅರ್ಥವೂ ಅಂಟಿಕೊಳ್ತು. ಬರೀ ‘ಸಾರಿ’ ಅಂತ ಒಂದೇ ಮಾತಲ್ಲಿ ಕ್ಷಮೆ ಕೇಳೋದು ಬರಹದಲ್ಲಿ ಕಾಣಿಸೋದು 19ನೇ ಶತಮಾನದಲ್ಲಿ.

ನಮಗೆ ಬಂದದ್ದು ಈ ಹೊಸ ಅರ್ಥ ಮಾತ್ರ. ಹಳೇದು ಹಡಗು ಹತ್ತಲೇ ಇಲ್ಲ. ದುಃಖಕ್ಕೆ ನಾವು ಬೇರೆ ಇಂಗ್ಲಿಷ್ ಪದ ಹಿಡಿದ್ವಿ: ‘ಫೀಲಿಂಗು’. ಇಂಗ್ಲಿಷಲ್ಲಿ ಅದು ಖುಷಿಗೂ ಆಗುತ್ತೆ. ಹುಣಸೂರು ಬಸ್‌ಸ್ಟ್ಯಾಂಡಲ್ಲಿ ‘ಯಾಕ್ ಮಗಾ ಫೀಲಿಂಗಲ್ಲಿದ್ದೀಯ’ ಅಂದ್ರೆ ಮಾತ್ರ ಒಂದೇ ಅರ್ಥ. ‘ಬೇಜಾರು’ ಪರ್ಷಿಯನ್ ಮೂಲದ್ದು, ‘ದುಃಖ’, ‘ಶೋಕ’ ಸಂಸ್ಕೃತದ್ದು. ಅಚ್ಚ ಕನ್ನಡದ್ದು ಅಂದ್ರೆ ಅಳಲು, ನೋವು. ಮೈಗೂ ಮನಸ್ಸಿಗೂ ಒಂದೇ ‘ನೋವು’! ಊರಲ್ಲಿ ದೊಡ್ಡವರು ‘ಬಾಳ ನೊಂದ್ಕಂಡವ್ನೆ’ ಅಂತಾರಲ್ಲ, ಹಳೇ ‘ಸಾರಿಗ್’ ಅಂದ್ರೆ ಹೆಚ್ಚುಕಮ್ಮಿ ಅದೇ.

ನೋವು, ತಪ್ಪು, ಈ ಎರಡರ ನಡುವಿನ ಗೆರೆ ಸಣ್ಣದಲ್ಲ. ಅದರ ಮೇಲೆ ಒಂದು ದೇಶವೇ ವರ್ಷಗಟ್ಟಲೆ ಜಗಳ ಆಡಿದೆ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನ ಸರ್ಕಾರವೇ ಹೆತ್ತವರಿಂದ ಬೇರೆ ಮಾಡಿತ್ತು. 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ‘ರಿಗ್ರೆಟ್’, ಅಂದ್ರೆ ವಿಷಾದ, ಅನ್ನೋವರೆಗೆ ಬಂದ್ರು, ‘ಸಾರಿ’ ಅನ್ನಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಈಗಿನವರು ಯಾಕೆ ಕ್ಷಮೆ ಕೇಳ್ಬೇಕು ಅನ್ನೋದು ಅವರ ವಾದ. 2008ರ ಫೆಬ್ರವರಿ 13ಕ್ಕೆ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ‘ಸಾರಿ’ ಅಂದ್ರು. ವಿಷಾದ ಅಂದ್ರೆ ‘ನಿಮಗೆ ಹಿಂಗಾಯ್ತಲ್ಲ’ ಅಂತ. ಸಾರಿ ಅಂದ್ರೆ ‘ನಾವು ಹಿಂಗ್ ಮಾಡಿದ್ವಿ’ ಅಂತ.

ದೂರದ ಕಥೆ ಅನ್ಕೋಬೇಡಿ. ನಾಗರಹೊಳೆ ಕಾಡು ನಮ್ಮ ಹುಣಸೂರು, ಎಚ್.ಡಿ.ಕೋಟೆಗೆ ಅಂಟಿಕೊಂಡೇ ಇದೆ. ಅಲ್ಲಿಂದ ಹೊರಗೆ ಬಂದ ಜೇನುಕುರುಬರು ಮತ್ತೆ ಉಳಿದ ಆದಿವಾಸಿಗಳ ಸ್ಥಿತಿ ನೋಡೋಕೆ ಹೈಕೋರ್ಟ್ ಆದೇಶದ ಮೇಲೆ ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಆಯ್ತು. 2014ರ ಅದರ ವರದಿ ಗುರುತಿಸಿದ್ದು 3,418 ಕುಟುಂಬ. ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಹಾಡಿಗಳ ಹೆಸರು ನೀವೂ ಕೇಳಿರ್ತೀರ. ಅವರ ಸುದ್ದಿ ಬಂದಾಗೆಲ್ಲ ನಮ್ಮ ಬಾಯಿಗೆ ಬರೋ ಪದ ‘ಪಾಪ’. ‘ತಪ್ಪಾಯ್ತು’ ಅಂದದ್ದನ್ನ ನಾನಂತೂ ಕೇಳಿಲ್ಲ. ನಾನೂ ಅಂದಿಲ್ಲ.

ಅವತ್ತು ಅಜ್ಜಿಗೆ ಉತ್ತರ ಕೊಡೋಕಾಗದೆ ಪಕ್ಕದಲ್ಲೇ ಕೂತೆ. ಆಮೇಲೆ ಬಂದವರು ಯಾರೂ ಹೆಚ್ಚು ಮಾತಾಡಲಿಲ್ಲ. ‘ಎಂಗಾಯ್ತವ್ವ?’, ‘ಒಂದ್ ಲೋಟ ನೀರಾದ್ರೂ ಕುಡಿ’, ‘ಧೈರ್ಯ ತಕ್ಕಳಿ’, ಇಷ್ಟೇ. ನಮ್ಮ ಕಡೆ ಸಾವಿನ ಮನೆಗೆ ಹೋಗೋದಕ್ಕೆ ‘ಮಾತಾಡಿಸ್ಕೊಂಡು ಬರೋದು’ ಅಂತಾನೇ ಹೆಸರು.

ಕೆ.ಆರ್.ನಗರ, ಕೋಟೆ ಕಡೆಯವರೇ, ನಿಮ್ಮ ಮನೇಲಿ ಅಲ್ಲಿಗೆ ಹೋದಾಗ ಏನಂತಾರೆ? ಹಾಡಿಗಳಲ್ಲಿ ಏನಂತಾರೆ? ಗೊತ್ತಿದ್ದವರು ಕಾಮೆಂಟಲ್ಲಿ ಬರೀರಿ.

#ಪದದಹಿಂದೆ #ಹುಣಸೂರು #ಪಿರಿಯಾಪಟ್ಟಣ #ಎಚ್‌ಡಿಕೋಟೆ #ಕೆಆರ್‌ನಗರ